ವಾಸ್ಕೋ ಡ ಗಾಮ: ಕೀರ್ತಿಯ ನೈತಿಕ ವಿಮರ್ಶೆ

ವಾಸ್ಕೋ ಡ ಗಾಮ ಪೋರ್ಚುಗಲ್ ದೇಶದ ನೌಕಾನಾಯಕ. ಆಫ್ರಿಕ ಖಂಡದ ದಕ್ಷಿಣದ ತುದಿಯನ್ನು ಬಳಸಿ ಯೂರೋಪಿನಿಂದ ಭಾರತಕ್ಕೆ ನೇರವಾಗಿ ಹಡಗು ನಡೆಸಿದವರಲ್ಲಿ ಮೊದಲಿಗ. ಸೀನೆಶ್ ಎಂಬ ಕಡಲತಡಿಯ ಊರಿನಲ್ಲಿ ಜನಿಸಿದನು. ಜನನದ ವರ್ಷ 1460 ಎಂದು ಕೆಲವರೂ 1469 ಎಂದು ಕೆಲವರೂ ಎಣಿಸುತ್ತಾರೆ. 1497, 1502 ಮತ್ತು 1524ರಲ್ಲಿ ಮೂರು ಬಾರಿ ಭಾರತಕ್ಕೆ ಹೊರಟು, ಕೊನೆಯ ಸಲ ವೈಸರಾಯ್ ಪದವಿಯೊಡನೆ ಬಂದು, ಕೆಲವೇ ತಿಂಗಳು ಅಧಿಕಾರ ನಡೆಸಿ, 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ತೀರಿಕೊಂಡನು. ಅವನ ಜೀವನವೃತ್ತಾಂತವನ್ನು ಹೀಗೆ ನಾಲ್ಕು ಮಾತಿನಲ್ಲಿ ಮುಗಿಸಬಹುದಾದರೂ ಅವನ ಕೀರ್ತಿಯನ್ನು ಕುರಿತ ವ್ಯಾಜ್ಯ ಮಾತ್ರ ಐನೂರು ವರ್ಷಗಳಿಂದ ಇತ್ಯರ್ಥವಾಗದೆ ನಡೆದುಬಂದಿದೆ. ಪೂರ್ವಪಶ್ಚಿಮಗಳನ್ನು ಬೆಸೆದ ಧೀರನೆಂದು ಅವನನ್ನು ಕೊಂಡಾಡುವವರು 1498ನೆಯ ವರ್ಷವನ್ನೇ ಎತ್ತಿ ತೋರಿಸುತ್ತಾರೆ. ಕಡಲುಗಳ್ಳನೆಂದೂ ನರಹಂತಕನೆಂದೂ ಖಂಡಿಸುವವರು 1502ನೆಯ ವರ್ಷವನ್ನು ಬಿಟ್ಟು ಕದಲುವುದಿಲ್ಲ. ಎರಡನ್ನೂ ಒಂದೇ ಪುಟದಲ್ಲಿ ಇಟ್ಟು ಓದುವ ಅಭ್ಯಾಸ ಉಭಯಪಕ್ಷಗಳಲ್ಲಿಯೂ ವಿರಳ.

1497ರ ಜುಲೈ 8ರಂದು ಲಿಸ್ಬನ್ನಿನ ಬಳಿಯ ರೆಸ್ತೆಲೊ ತೀರದಿಂದ ನಾಲ್ಕು ಹಡಗುಗಳೂ ಸುಮಾರು 170 ಜನರೂ ಹೊರಟರು. ಸಾಂವ್ ಗಾಬ್ರಿಯೆಲ್ ಎಂಬ ಹಡಗಿನಲ್ಲಿ ಗಾಮನೂ, ಸಾಂವ್ ರಫಾಯೆಲ್ ಎಂಬುದರಲ್ಲಿ ಅವನ ಸೋದರ ಪಾವ್ಲೊನೂ, ಬೆರ್ರಿಯೊ ಎಂಬುದರಲ್ಲಿ ನಿಕೊಲಾವ್ ಕೊಯೆಲ್ಯೊನೂ ಇದ್ದರು. ನಾಲ್ಕನೆಯದು ಉಗ್ರಾಣದ ಹಡಗು. ಆಫ್ರಿಕದ ಕರಾವಳಿಯನ್ನು ತಬ್ಬಿಕೊಂಡು ಸಾಗುವ ಹಳೆಯ ರೂಢಿಯನ್ನು ತೊರೆದು, ಗಾಳಿಯ ಪಥವನ್ನು ಅನುಸರಿಸಿ ಅಟ್ಲಾಂಟಿಕ್ ಸಾಗರದ ಒಡಲೊಳಕ್ಕೇ ಬಹುದೂರ ಸರಿದು, ಮೂರು ತಿಂಗಳ ಕಾಲ ನೆಲದ ಸುಳಿವೇ ಕಾಣದೆ, ಮತ್ತೆ ಪೂರ್ವಕ್ಕೆ ತಿರುಗಿ ನವೆಂಬರಿನಲ್ಲಿ ಗುಡ್‌ಹೋಪ್ ಭೂಶಿರವನ್ನು ದಾಟಿದ ಈ ಯಾತ್ರೆ ನೌಕಾವಿದ್ಯೆಯ ಇತಿಹಾಸದಲ್ಲಿ ಅಸಾಧಾರಣವಾದದ್ದೆಂಬುದನ್ನು ಅವನ ಕಡುವೈರಿಯೂ ಅಲ್ಲಗಳೆಯಲಾರನು. ಆದರೆ ಆಫ್ರಿಕದ ಪೂರ್ವತೀರಕ್ಕೆ ಬಂದೊಡನೆ ಕಥೆಯ ಬಣ್ಣ ಬದಲಾಗುತ್ತದೆ. ಅಲ್ಲಿಂದ ಮುಂದಿನ ಕಡಲು ಅಪರಿಚಿತವಾಗಿದ್ದುದು ಪೋರ್ಚುಗೀಸರಿಗೆ ಮಾತ್ರ. ಅರಬರು, ಗುಜರಾತಿಗಳು, ಮಲಬಾರಿನ ಮಾಪಿಳ್ಳೆಯರು, ಸ್ವಾಹಿಲಿ ವರ್ತಕರು ತಲೆತಲಾಂತರದಿಂದ ಓಡಾಡುತ್ತಿದ್ದ ಹಾದಿ ಅದು. ಮಾಲಿಂದಿಯ ದೊರೆಯಿಂದ ದಾರಿಬಲ್ಲ ನಾವಿಕನೊಬ್ಬನನ್ನು ಪಡೆದ ಮೇಲೆಯೇ ಗಾಮನು ಅರಬ್ಬೀ ಸಮುದ್ರಕ್ಕೆ ಇಳಿದನು. ಆ ನಾವಿಕ ಪ್ರಸಿದ್ಧ ನೌಕಾಶಾಸ್ತ್ರಜ್ಞ ಅಹ್ಮದ್ ಇಬ್ನ್ ಮಾಜಿದನೇ ಎಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಈಚಿನ ವಿದ್ವಾಂಸರು ಬಹುಮಟ್ಟಿಗೆ ಅದನ್ನು ಒಪ್ಪುವುದಿಲ್ಲ. ಆ ನಾವಿಕನು ಗುಜರಾತಿಯೆಂದು ಪೋರ್ಚುಗೀಸ್ ಚರಿತ್ರಕಾರರೇ ಬರೆದಿದ್ದಾರೆ. ಯಾರೇ ಆಗಿರಲಿ, ಆತನ ಬೆಲೆ ಎಷ್ಟೆಂಬುದನ್ನು ಅಳೆಯಲು ಒಂದು ಸುಲಭವಾದ ಸಾಧನವುಂಟು. ಅವನ ಮಾರ್ಗದರ್ಶನದಲ್ಲಿ, ಅನುಕೂಲವಾದ ಗಾಳಿಯಲ್ಲಿ, ಮಾಲಿಂದಿಯಿಂದ ಮಲಬಾರಿಗೆ ಬರಲು ಒಂದು ತಿಂಗಳೂ ಹಿಡಿಯಲಿಲ್ಲ. ಹಿಂದಿರುಗುವಾಗ ಮಾರುತದ ಋತುಧರ್ಮವನ್ನು ಲೆಕ್ಕಿಸದೆ ಹೊರಟದ್ದರಿಂದ ಅದೇ ಕಡಲನ್ನು ದಾಟಲು ಸುಮಾರು ಮೂರು ತಿಂಗಳು ಬೇಕಾಯಿತು. ವಸಡು ಬಾತು ಹಲ್ಲು ಮುಚ್ಚಿ, ಕೈಕಾಲು ಊದಿಕೊಂಡು, ಸ್ಕರ್ವಿ ರೋಗದಿಂದ 30 ಜನ ನಡುಗಡಲಲ್ಲೇ ಸತ್ತರು. ಉಳಿದವರಲ್ಲಿ ಹಾಯಿ ಹಿಡಿಯುವಷ್ಟು ಶಕ್ತಿಯುಳ್ಳವರು ಸಾಲದೆ ಸಾಂವ್ ರಫಾಯೆಲ್ ಹಡಗನ್ನು ಆಫ್ರಿಕದ ತೀರದಲ್ಲಿ ಸುಟ್ಟುಬಿಡಬೇಕಾಯಿತು. ಪಾವ್ಲೊ ಸ್ವದೇಶವನ್ನು ಕಾಣದೆ ಅಸೋರ್ಸ್ ದ್ವೀಪಗಳಲ್ಲಿ ಮಡಿದನು.

1498ರ ಮೇ 20ರಂದು ಈ ಹಡಗುಗಳು ಕಲ್ಲಿಕೋಟೆಯ ಸಮೀಪದಲ್ಲಿ ಲಂಗರು ಹಾಕಿದವು. ಮೊದಲು ದಡಕ್ಕೆ ಹೋದವನು ಗಾಮನಲ್ಲ. ಇಂಥ ಅಪಾಯದ ಕೆಲಸಕ್ಕೆಂದೇ ಕರೆತಂದಿದ್ದ ಶಿಕ್ಷೆಗೊಳಗಾದ ಅಪರಾಧಿಗಳಲ್ಲಿ ಒಬ್ಬನು. ಅವನನ್ನು ಎದುರುಗೊಂಡವರು ಸ್ಪೇನಿನ ಭಾಷೆಯನ್ನೂ ಜಿನೋವದ ಭಾಷೆಯನ್ನೂ ಬಲ್ಲ ಇಬ್ಬರು ಟ್ಯೂನಿಸ್ ವರ್ತಕರು! ಹೊಸ ಲೋಕವನ್ನು ಕಂಡುಹಿಡಿದೆವೆಂದು ಬಂದವರಿಗೆ ತಮ್ಮ ನೆರೆಯವರೇ ಬಾಗಿಲಲ್ಲಿ ನಿಂತು ಏಕೆ ಬಂದಿರೆಂದು ಗದರಿಸಿ ಕೇಳಿದ ಈ ಪ್ರಸಂಗ ಪೋರ್ಚುಗೀಸರ ದಿನಚರಿಯಲ್ಲೇ ದಾಖಲಾಗಿದೆ. ಆ ದಿನಚರಿಯ ಕರ್ತೃ ಆಲ್ವರೊ ವೆಲ್ಯೊ ಎಂಬ ನಾವಿಕನೆಂದು ಊಹೆ. ಹಸ್ತಪ್ರತಿ ಪೋರ್ತೊ ನಗರದಲ್ಲಿದ್ದು 1838ರಲ್ಲಿ ಮೊದಲು ಅಚ್ಚಾಯಿತು. ಕಲ್ಲಿಕೋಟೆಯ ಸಾಮೂತಿರಿ ದೊರೆಗೆಂದು ಗಾಮನು ಎತ್ತಿಟ್ಟ ಕಾಣಿಕೆಯ ಪಟ್ಟಿ ಅದರಲ್ಲಿದೆ: ಪಟ್ಟೆಬಟ್ಟೆ ಹನ್ನೆರಡು ತುಂಡು, ಕೆಂಪು ಕುಲಾವಿ ನಾಲ್ಕು, ಟೋಪಿ ಆರು, ಹವಳದ ಸರ ನಾಲ್ಕು, ಕೈತೊಳೆಯುವ ಬೋಗುಣಿ ಆರು, ಒಂದು ಪೆಟ್ಟಿಗೆ ಸಕ್ಕರೆ, ಎರಡು ಪೀಪಾಯಿ ಎಣ್ಣೆ, ಎರಡು ಪೀಪಾಯಿ ಜೇನುತುಪ್ಪ. ಮೆಕ್ಕಾದಿಂದ ಬರುವ ಬಡ ವರ್ತಕನೂ ಇದಕ್ಕಿಂತ ಹೆಚ್ಚು ಕೊಡುತ್ತಾನೆಂದು ಅರಮನೆಯ ಅಧಿಕಾರಿಗಳು ನಕ್ಕರು. ಗಾಮನ ಮುಂದಿನ ನಡತೆಗೆ ಈ ಅವಮಾನವೇ ಬೀಜವೆಂದು ಹೇಳುವವರಿದ್ದಾರೆ. ಆದರೆ ಇದಕ್ಕೆ ಮುಂಚೆಯೇ, ಮೊಂಬಾಸದಲ್ಲಿ, ಸೆರೆಸಿಕ್ಕ ಇಬ್ಬರ ಬಾಯಿಬಿಡಿಸಲು ಅವರ ಮೈಮೇಲೆ ಕುದಿಯುವ ಎಣ್ಣೆಯನ್ನು ತೊಟ್ಟಿಕ್ಕಿಸಿದ ಸಂಗತಿಯನ್ನು ಅದೇ ದಿನಚರಿ ಯಾವ ಸಂಕೋಚವೂ ಇಲ್ಲದೆ ಹೇಳುತ್ತದೆ. ಆದುದರಿಂದ ಮೊದಲ ಯಾತ್ರೆಯನ್ನು ನಿಷ್ಕಳಂಕ ಸಾಹಸವೆಂದೂ ಕ್ರೌರ್ಯವೆಲ್ಲ ಎರಡನೆಯದರಲ್ಲಿ ಹುಟ್ಟಿತೆಂದೂ ಭಾವಿಸುವುದು ಸರಿಯಲ್ಲ.

ಹಿಂದಿರುಗುವ ದಾರಿಯಲ್ಲಿ ಗಾಮನು ಕಾರವಾರದ ಎದುರಿಗಿರುವ ಅಂಜದೀವ ದ್ವೀಪದಲ್ಲಿ ತಂಗಿದನು. ಅಲ್ಲಿ ಕಲ್ಲುಕಟ್ಟಿದ ಕೆರೆಯ ಸಿಹಿನೀರನ್ನು ತುಂಬಿಕೊಂಡು, ಹಡಗನ್ನು ಮಗ್ಗುಲಿಗೆ ಮಲಗಿಸಿ ತಳವನ್ನು ಕೆರೆದು ದುರಸ್ತಿ ಮಾಡುತ್ತಿರುವಾಗ, ಗೋವೆಯ ಆದಿಲ್‌ಖಾನನ ಸೇವೆಯಲ್ಲಿದ್ದ, ವೆನಿಸ್ಸಿನ ಮಾತನ್ನು ಬಲ್ಲ ಒಬ್ಬ ಯೆಹೂದಿ ಅಲ್ಲಿಗೆ ಬಂದನು. ಗೂಢಚಾರನೆಂಬ ಶಂಕೆಯಿಂದ ಅವನನ್ನು ಹಿಂಸಿಸಿ ವಿಚಾರಿಸಿ, ಪೋರ್ಚುಗಲಿಗೆ ಕೊಂಡೊಯ್ದು, ಗಾಸ್ಪರ್ ಡ ಗಾಮ ಎಂದು ತನ್ನ ಮನೆತನದ ಹೆಸರನ್ನೇ ಇಟ್ಟು ಜ್ಞಾನಸ್ನಾನ ಮಾಡಿಸಲಾಯಿತು. ಅವನು ಮುಂದೆ ಹಲವು ಯಾತ್ರೆಗಳಲ್ಲಿ ದುಭಾಷಿಯಾಗಿ ಪೋರ್ಚುಗೀಸರ ಬಲಗೈಯಾದನು. ಅಂಜದೀವದಲ್ಲಿ 1505ರಲ್ಲಿ ಪೋರ್ಚುಗೀಸ್ ವೈಸರಾಯ್ ಅಲ್ಮೇಯ್ದನು ಕೋಟೆ ಕಟ್ಟಿಸಿ, ಅದೇ ವರ್ಷ ಹೊನ್ನಾವರದ ಬಂದರಿಗೆ ಬೆಂಕಿಯಿಟ್ಟನು.

ವಿವಾದದ ಮರ್ಮಸ್ಥಾನ ಎರಡನೆಯ ಯಾತ್ರೆ. ನಡುವೆ ಕಬ್ರಾಲನ ನಾಯಕತ್ವದಲ್ಲಿ ಬಂದ ಪೋರ್ಚುಗೀಸರು ಕಲ್ಲಿಕೋಟೆಯಲ್ಲಿ ಕೋಠಿ ತೆರೆದಿದ್ದರು. 1500ರ ಡಿಸೆಂಬರಿನಲ್ಲಿ ದಂಗೆಯೆದ್ದ ಜನ ಕೋಠಿಯನ್ನು ಮುತ್ತಿ ಹಲವರನ್ನು ಕೊಂದರು. ಕಬ್ರಾಲನು ನಗರದ ಮೇಲೆ ಫಿರಂಗಿ ಹಾರಿಸಿ ಹೊರಟುಹೋದನು. 1502ರಲ್ಲಿ ಸುಮಾರು ಇಪ್ಪತ್ತು ಹಡಗುಗಳ ಪಡೆಯೊಡನೆ ಬಂದ ಗಾಮನ ಉದ್ದೇಶ ವ್ಯಾಪಾರದ ಜತೆಗೆ ಈ ಸೇಡನ್ನು ತೀರಿಸುವುದೂ ಆಗಿತ್ತು. ದಾರಿಯಲ್ಲಿ ಕಿಲ್ವದ ದೊರೆಯಿಂದ ಬಂಗಾರದ ಕಪ್ಪವನ್ನು ಬಲಾತ್ಕಾರದಿಂದ ಪಡೆದು, ಕಣ್ಣಾನೂರಿನ ಉತ್ತರಕ್ಕೆ ಏಳಿಮಲೆಯ ಎದುರಿನ ಕಡಲಲ್ಲಿ ಹೊಂಚುಹಾಕಿ ಕುಳಿತನು. ಸೆಪ್ಟೆಂಬರ್ ಕೊನೆಯಲ್ಲಿ ಮೆಕ್ಕಾ ಯಾತ್ರೆ ಮುಗಿಸಿ ಮರಳುತ್ತಿದ್ದ ‘ಮೀರಿ’ ಎಂಬ ದೊಡ್ಡ ಹಡಗು ಅವನ ಕೈಗೆ ಸಿಕ್ಕಿತು. ಅದರಲ್ಲಿ ಗಂಡಸರಲ್ಲದೆ ಹೆಂಗಸರೂ ಮಕ್ಕಳೂ ಇದ್ದರು. ಒಟ್ಟು ಸಂಖ್ಯೆಯಲ್ಲಿ ವರದಿಗಳು ಒಮ್ಮತವಾಗಿಲ್ಲವಾದರೂ ನೂರಾರು ಜನರೆಂಬುದರಲ್ಲಿ ಸಂದೇಹವಿಲ್ಲ. ಹಡಗಿನಲ್ಲಿದ್ದ ಕಲ್ಲಿಕೋಟೆಯ ಶ್ರೀಮಂತ ವರ್ತಕ ಜೌಹರ್ ಅಲ್ ಫಕೀಹನು ತಮ್ಮ ಪ್ರಾಣಕ್ಕೆ ಪ್ರತಿಯಾಗಿ, ಪೋರ್ಚುಗೀಸರ ನಾಲ್ಕು ದೊಡ್ಡ ಹಡಗುಗಳನ್ನು ಸಾಂಬಾರ ಪದಾರ್ಥಗಳಿಂದ ತುಂಬಿಸಿಕೊಡುವುದಾಗಿ ಮಾತು ಕೊಟ್ಟನು. ಗಾಮನು ಒಪ್ಪಲಿಲ್ಲ. ಅಮೂಲ್ಯವಸ್ತುಗಳನ್ನೆಲ್ಲ ಇಳಿಸಿಕೊಂಡು, ಚುಕ್ಕಾಣಿಯನ್ನೂ ಹಾಯಿಗಳನ್ನೂ ಕಿತ್ತುಹಾಕಿಸಿ, ಜನರನ್ನು ಒಳಗೇ ಬಿಟ್ಟು ಹಡಗಿಗೆ ಬೆಂಕಿಯಿಡಿಸಿದನು. ಒಳಗಿದ್ದವರು ಬೆಂಕಿಯನ್ನು ಆರಿಸಿದರು. ಕಲ್ಲು ಬೀಸಿ, ಕೈಗೆ ಸಿಕ್ಕಿದ್ದನ್ನು ಎಸೆದು, ತಮ್ಮ ಮೇಲೆ ಬಂದ ಹಡಗನ್ನೇ ಏರಿ ಹೋರಾಡಿದರು. ಹೆಂಗಸರು ಒಡವೆಗಳನ್ನು ಎತ್ತಿ ತೋರಿಸಿ, ಹಸುಗೂಸುಗಳನ್ನು ಮುಂದೆ ಹಿಡಿದು ಕನಿಕರ ಬೇಡಿದರು. ಅಕ್ಟೋಬರ್ 3, ಸೋಮವಾರ, ಹಡಗು ಪೂರ್ಣವಾಗಿ ಸುಟ್ಟುಹೋಯಿತು. ಕ್ರೈಸ್ತ ಸಂನ್ಯಾಸಿಗಳಾಗಿ ಬೆಳೆಸಬೇಕೆಂಬ ಉದ್ದೇಶದಿಂದ ಸುಮಾರು ಇಪ್ಪತ್ತು ಮಕ್ಕಳನ್ನು ಮಾತ್ರ ಎತ್ತಿಕೊಂಡರು.

ಗಾಮನ ಸಮರ್ಥಕರು ಇಲ್ಲಿ ಮುಂದಿಡುವ ಮೊದಲ ವಾದ, ಇದು 1500ರ ಹತ್ಯೆಗೆ ಪ್ರತೀಕಾರವೆಂಬುದು. ಆದರೆ ಕೋಠಿಯ ಮೇಲೆ ಬಿದ್ದವರಿಗೂ ಹಜ್ ಮುಗಿಸಿ ಬರುತ್ತಿದ್ದ ಹೆಂಗಸರು ಮಕ್ಕಳಿಗೂ ಏನು ಸಂಬಂಧ? ಎರಡನೆಯದು, ವ್ಯಾಪಾರದ ಪೈಪೋಟಿಯಲ್ಲಿ ಲಾಭದಾಸೆ ಮನುಷ್ಯನನ್ನು ಕುರುಡುಗೊಳಿಸುತ್ತದೆಂಬುದು. ಲಾಭವೇ ಗುರಿಯಾಗಿದ್ದರೆ ನಾಲ್ಕು ಹಡಗು ಮೆಣಸನ್ನು ಯಾರು ತಾನೆ ಬೇಡವೆಂದಾರು? ಹೆದರಿಕೆಯನ್ನು ಹುಟ್ಟಿಸುವುದೇ ಇಲ್ಲಿಯ ಉದ್ದೇಶ, ಅದಕ್ಕೆ ಯಾತ್ರಿಕರ ಹಡಗೇ ಒದಗಿತು ಎಂಬ ವ್ಯಾಖ್ಯಾನಕ್ಕೆ ಹೆಚ್ಚು ಆಧಾರವಿದೆ. ಮುಂದೆ ಕಲ್ಲಿಕೋಟೆಯ ಎದುರಿಗೆ ನಿಂತು, ಊರಿನ ಮುಸಲ್ಮಾನರೆಲ್ಲರನ್ನೂ ಹೊರಹಾಕಬೇಕೆಂದು ಸಾಮೂತಿರಿಯನ್ನು ಒತ್ತಾಯಿಸಿ, ಅವನು ಮಣಿಯದಿದ್ದಾಗ ಸೆರೆಹಿಡಿದ ಬೆಸ್ತರನ್ನು ಹಾಯಿಕಂಬಗಳಿಗೆ ನೇಣುಹಾಕಿಸಿ, ಕೈ ಕಾಲು ತಲೆಗಳನ್ನು ಕತ್ತರಿಸಿ, ಒಂದು ಪತ್ರದೊಡನೆ ದೋಣಿಯಲ್ಲಿ ದಡಕ್ಕೆ ಕಳುಹಿಸಿದ್ದೂ, ಬಳಿಕ ನಗರದ ಮೇಲೆ ಗುಂಡಿನ ಮಳೆಗರೆದದ್ದೂ ಇದೇ ವ್ಯಾಖ್ಯಾನವನ್ನು ಪುಷ್ಟೀಕರಿಸುತ್ತವೆ.

ಈ ವಿಷಯದಲ್ಲಿ ಸಾಕ್ಷ್ಯವನ್ನು ತೂಗಿನೋಡುವುದು ಅತ್ಯವಶ್ಯಕ. ಮೀರಿ ಹಡಗಿನ ವೃತ್ತಾಂತವನ್ನು ಬರೆದಿಟ್ಟವನು ತೊಮೆ ಲೊಪೆಶ್. ಪಡೆಯ ಹಡಗೊಂದರಲ್ಲಿ ಲೆಕ್ಕಪತ್ರ ಬರೆಯುತ್ತಿದ್ದ, ಕಣ್ಣಾರೆ ಕಂಡ ಪೋರ್ಚುಗೀಸನು. ಇದಕ್ಕೆ ವ್ಯತಿರಿಕ್ತವಾಗಿ, ಜನಪ್ರಿಯ ಗ್ರಂಥಗಳಲ್ಲಿ ಪದೇಪದೇ ಕಾಣುವ ಘೋರ ಚಿತ್ರಗಳು, ಅಂದರೆ ಎಂಟುನೂರು ಜನರ ಕಿವಿಮೂಗು ಕೊಯ್ಸಿದ್ದು, ದೂತನಾಗಿ ಬಂದ ಬ್ರಾಹ್ಮಣನಿಗೆ ನಾಯಿಯ ಕಿವಿ ಹೊಲಿಸಿದ್ದು ಮುಂತಾದವು, ಗಾಸ್ಪರ್ ಕೊರೆಯ ಎಂಬಾತನ ಗ್ರಂಥದಿಂದ ಬಂದವು. ಕೊರೆಯನು ಭಾರತಕ್ಕೆ ಬಂದದ್ದು 1512ರಲ್ಲಿ. ಬರೆದದ್ದು ದಶಕಗಳ ಅನಂತರ. ಅವನ ಗ್ರಂಥ ಅಚ್ಚಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ರಸವತ್ತಾಗಿ ಕಥೆ ಹೇಳುವ ಹಂಬಲ ಅವನಲ್ಲಿ ಬಹಳ. ಗಾಮನ ಮೇಲಿನ ಆಕ್ರೋಶದಲ್ಲಿ ಕೊರೆಯನ ಮಾತನ್ನೂ ಲೊಪೆಶನ ಮಾತನ್ನೂ ಒಂದೇ ರಾಶಿಗೆ ಸುರಿಯುವುದು ಸತ್ಯಕ್ಕೆ ಮಾಡುವ ಉಪಕಾರವಲ್ಲ. ಕೊರೆಯನನ್ನು ಪೂರ್ಣವಾಗಿ ಬದಿಗಿಟ್ಟರೂ ಆರೋಪ ಏನೂ ಸಡಿಲವಾಗುವುದಿಲ್ಲವೆಂಬುದೇ ಇಲ್ಲಿ ಗಮನಾರ್ಹ. ಅರಬ್ಬೀ ಕಡೆಯ ಸಾಕ್ಷ್ಯ ಸಂಕ್ಷಿಪ್ತವಾದದ್ದು: ದಕ್ಷಿಣ ಅರೇಬಿಯದ ಹದ್ರಮೌತ್ ಪ್ರಾಂತದ ವೃತ್ತಾಂತಗಳಲ್ಲಿ, ಆ ವರ್ಷ ಫರಂಗಿಯವರ ಹಡಗುಗಳು ಕಡಲಲ್ಲಿ ಕಾಣಿಸಿಕೊಂಡು ಕೆಲವು ನೌಕೆಗಳನ್ನು ಹಿಡಿದು ಒಳಗಿದ್ದವರನ್ನು ಕೊಂದರೆಂಬ ಉಲ್ಲೇಖವಿದೆ. ಮಲಬಾರಿನ ಷೇಖ್ ಜೈನುದ್ದೀನ್ ಮಖ್ದೂಮನ ‘ತುಹ್ಫತುಲ್ ಮುಜಾಹಿದೀನ್’ ಹದಿನಾರನೆಯ ಶತಮಾನದ ಉತ್ತರಾರ್ಧದ ಕೃತಿ. ಪೋರ್ಚುಗೀಸರ ಹಾವಳಿಯನ್ನು ಅನುಭವಿಸಿದ ಸಮಾಜದ ದನಿ ಅದರಲ್ಲಿ ಕೇಳುತ್ತದೆ.

ಹದಿನಾರನೆಯ ಶತಮಾನದವನನ್ನು ಇಪ್ಪತ್ತನೆಯ ಶತಮಾನದ ಧರ್ಮಸೂಕ್ಷ್ಮದಿಂದ ಅಳೆಯುವುದು ಅನ್ಯಾಯ ಎಂಬ ಆಕ್ಷೇಪಣೆ ಎಲ್ಲಕ್ಕಿಂತ ಪ್ರಬಲವಾದದ್ದು, ಮೇಲ್ನೋಟಕ್ಕೆ ನ್ಯಾಯವಾದದ್ದು ಕೂಡ. ಆದರೆ ಇದು ನಿಲ್ಲಬೇಕಾದರೆ ಆ ಕಾಲದವರಿಗೆ ಇಂಥ ಕೃತ್ಯ ಸಹಜವಾಗಿ ತೋರಿತ್ತೆಂದು ಸಿದ್ಧಪಡಿಸಬೇಕಾಗುತ್ತದೆ. ಲೊಪೆಶನು ಆ ಸೋಮವಾರವನ್ನು ತನ್ನ ಜೀವಮಾನದಲ್ಲಿ ಮರೆಯಲಾರೆನೆಂದು ಬರೆದನು. ಅವನು ಕಾಲಕ್ಕಿಂತ ಮುಂದಿದ್ದ ತತ್ತ್ವಜ್ಞಾನಿಯಲ್ಲ, ಅದೇ ಪಡೆಯ ಒಬ್ಬ ಗುಮಾಸ್ತ. ಗಾಮನ ಯಾತ್ರೆಯನ್ನೇ ಮಹಾಕಾವ್ಯವಾಗಿ ಹಾಡಿದ ಕಮೊಯೆನ್ಸನು, 1572ರಲ್ಲಿ ಪ್ರಕಟವಾದ ‘ಲೂಸಿಯಾದಾಸ್’ ಗ್ರಂಥದಲ್ಲಿ, ಹಡಗುಗಳು ಹೊರಡುವ ಮುಹೂರ್ತಕ್ಕೆ ಸರಿಯಾಗಿ ರೆಸ್ತೆಲೊ ತೀರದಲ್ಲಿ ಒಬ್ಬ ವೃದ್ಧನನ್ನು ನಿಲ್ಲಿಸಿ, ಈ ಕೀರ್ತಿಲೋಭಕ್ಕೂ ಅಧಿಕಾರಮದಕ್ಕೂ ಅವನಿಂದ ಶಾಪ ಹಾಕಿಸಿದ್ದಾನೆ. ವೃದ್ಧನ ಮಾತಿಗೆ ಕಾವ್ಯದಲ್ಲಿ ಯಾರೂ ಉತ್ತರ ಕೊಡುವುದಿಲ್ಲ. ಸ್ವತಃ ಗೋವೆಯಲ್ಲಿದ್ದು ಪೂರ್ವದ ರಾಜ್ಯಭಾರವನ್ನು ಕಂಡ ಕವಿ ಅವನು. ಇನ್ನೊಂದು ಕಡೆ ಚರಿತ್ರಕಾರ ಜೊವಾಂವ್ ಡ ಬಾರ್ರೊಸನು, ಸಮುದ್ರ ಸರ್ವರಿಗೂ ಸಮಾನವೆಂಬ ಧರ್ಮ ಯೂರೋಪಿನ ಕ್ರೈಸ್ತರ ನಡುವೆ ಮಾತ್ರ ಸಲ್ಲುವುದೆಂದೂ ಮುಸಲ್ಮಾನರೂ ಅನ್ಯಧರ್ಮೀಯರೂ ಅದನ್ನು ಕೇಳಲು ಅಧಿಕಾರಿಗಳಲ್ಲವೆಂದೂ ಸಮರ್ಥನೆ ಬರೆಯುವ ಶ್ರಮ ತೆಗೆದುಕೊಂಡನು. ಯಾರೂ ಪ್ರಶ್ನಿಸದ ಕೆಲಸಕ್ಕೆ ಸಮರ್ಥನೆ ಏಕೆ ಬೇಕು? 1609ರಲ್ಲಿ ಡಚ್ ನ್ಯಾಯಶಾಸ್ತ್ರಿ ಗ್ರೋಷಿಯಸನು ಮುಕ್ತಸಮುದ್ರ ಸಿದ್ಧಾಂತವನ್ನು ಪ್ರತಿಪಾದಿಸಿ, ಪೋರ್ಚುಗೀಸರು ಬರುವ ಮುನ್ನವೇ ಪೂರ್ವದೇಶಗಳಿಗೆ ತಮ್ಮವೇ ಆದ ರಾಜರೂ ಕಾನೂನುಗಳೂ ಇದ್ದವೆಂದು ವಾದಿಸಿದನು. ಅವನ ಕಕ್ಷಿಗಾರರು ಡಚ್ ಈಸ್ಟ್ ಇಂಡಿಯ ಕಂಪನಿಯವರಾದುದರಿಂದ ಈ ಔದಾರ್ಯಕ್ಕೆ ಕಾರಣವೇನೆಂದು ಊಹಿಸುವುದು ಕಷ್ಟವಲ್ಲ. ಆದರೂ ವಾದ ವಾದವೇ.

ಪರಿಣಾಮಗಳ ವಿಷಯಕ್ಕೆ ಬಂದರೆ ವಿಮರ್ಶಕರು ಇನ್ನೊಂದು ಅತಿರೇಕಕ್ಕೆ ಹೋಗುವುದುಂಟು. ಇತಿಹಾಸಕಾರ ಸರ್ದಾರ್ ಕೆ. ಎಂ. ಪಣಿಕ್ಕರರು 1953ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1498ರಿಂದ 1945ರವರೆಗಿನ ಏಷ್ಯದ ಇತಿಹಾಸವನ್ನೆಲ್ಲ ವಾಸ್ಕೋ ಡ ಗಾಮನ ಯುಗವೆಂದು ಕರೆದರು. ಅದಕ್ಕೂ ಹಿಂದೆ, 1776ರಲ್ಲಿ, ಆಡಂ ಸ್ಮಿತ್ತನು ಅಮೆರಿಕದ ಶೋಧವನ್ನೂ ಭಾರತದ ಜಲಮಾರ್ಗದ ಶೋಧವನ್ನೂ ಮಾನವೇತಿಹಾಸದ ಎರಡು ಮಹಾಘಟನೆಗಳೆಂದು ಹೇಳಿ, ಆಯಾ ದೇಶದ ಮೂಲನಿವಾಸಿಗಳ ಪಾಲಿಗೆ ಮಾತ್ರ ಅದರ ಲಾಭವೆಲ್ಲ ದುರ್ಭಾಗ್ಯದಲ್ಲಿ ಮುಳುಗಿಹೋಯಿತೆಂದು ಸೇರಿಸಿದ್ದನು. ಒಬ್ಬ ಮನುಷ್ಯನ ತಲೆಗೆ ನಾಲ್ಕೂವರೆ ಶತಮಾನವನ್ನು ಕಟ್ಟುವ ಈ ವಾಡಿಕೆ, ವಿರೋಧದ ವೇಷದಲ್ಲಿದ್ದರೂ, ವಸ್ತುತಃ ವೀರಪೂಜೆಯ ಇನ್ನೊಂದು ರೂಪವೇ. ಹದಿನಾರನೆಯ ಶತಮಾನದಲ್ಲಿ ವಿಜಯನಗರ, ಮೊಗಲ್ ಮೊದಲಾದ ಭೂರಾಜ್ಯಗಳ ಗಾತ್ರದ ಮುಂದೆ ಪೋರ್ಚುಗೀಸರು ಕರಾವಳಿಯ ಕೆಲವು ಕೋಟೆಗಳ ಒಡೆಯರು ಮಾತ್ರ. ಮೆಣಸಿನ ವ್ಯಾಪಾರವನ್ನು ಪೂರ್ತಿಯಾಗಿ ಹಿಡಿದಿಡಲು ಅವರಿಂದಾಗಲಿಲ್ಲ. ಕೆಂಪುಸಮುದ್ರದ ಹಳೆಯ ಹಾದಿ ಶತಮಾನದ ಮಧ್ಯಭಾಗದಲ್ಲಿ ಮತ್ತೆ ಚೇತರಿಸಿಕೊಂಡಿತು. ಗೋವೆಯಲ್ಲಿ 1560ರಲ್ಲಿ ಸ್ಥಾಪಿತವಾದ ಇನ್‌ಕ್ವಿಸಿಷನ್ ನ್ಯಾಯಸ್ಥಾನದ ಪಾಪವನ್ನು, ಅದಕ್ಕೆ ಮೂವತ್ತಾರು ವರ್ಷ ಮೊದಲೇ ಸತ್ತವನ ಲೆಕ್ಕಕ್ಕೆ ಬರೆಯಲಾಗದು. ಹಾಗೆಯೇ ಮೆಣಸಿನಕಾಯಿ, ಗೋಡಂಬಿ, ಪರಂಗಿಹಣ್ಣುಗಳು ಪೋರ್ಚುಗೀಸರ ಮೂಲಕ ನಮ್ಮಲ್ಲಿಗೆ ಬಂದವೆಂಬುದನ್ನು ಅವನ ಪುಣ್ಯದ ತಟ್ಟೆಗೆ ಹಾಕುವವರ ಮಾತೂ ವಿಚಾರಕ್ಕೆ ನಿಲ್ಲತಕ್ಕದ್ದಲ್ಲ.

ಅವನ ಕಾಲದಲ್ಲೇ ಬೇರೂರಿದ ನೂತನ ಪದ್ಧತಿಯೊಂದು ಮಾತ್ರ ನಿಶ್ಚಯವಾಗಿ ಅವನ ಲೆಕ್ಕಕ್ಕೆ ಸೇರುತ್ತದೆ: ಕಾರ್ತಾಜ್ ಎಂಬ ಕಡಲ ರಹದಾರಿ. ಹಿಂದೂ ಮಹಾಸಾಗರದಲ್ಲಿ ಮೊದಲು ಕಳ್ಳರಿರಲಿಲ್ಲವೆಂದಾಗಲಿ, ನೌಕಾಯುದ್ಧಗಳು ನಡೆದಿರಲಿಲ್ಲವೆಂದಾಗಲಿ ಅರ್ಥವಲ್ಲ. ಚೋಳರ ನೌಕಾಪಡೆ ಹನ್ನೊಂದನೆಯ ಶತಮಾನದಲ್ಲೇ ಶ್ರೀವಿಜಯವನ್ನು ಮುತ್ತಿತ್ತು. ಆದರೆ ತೆರೆದ ಕಡಲೇ ತನ್ನ ಸ್ವತ್ತೆಂದು ಸಾರಿ, ಅಲ್ಲಿ ಸಂಚರಿಸುವ ಪ್ರತಿ ವರ್ತಕನೂ ತನ್ನಿಂದ ಚೀಟಿ ಪಡೆದು ತನ್ನ ಬಂದರಿನಲ್ಲಿ ಸುಂಕ ಕಟ್ಟಬೇಕೆಂದು, ಚೀಟಿಯಿಲ್ಲದ ಹಡಗನ್ನು ಸೂರೆಮಾಡುವುದು ನ್ಯಾಯವೆಂದು ವಿಧಿಸಿದ ರಾಜ್ಯ ಈ ಸಾಗರದಲ್ಲಿ ಅದುವರೆಗೆ ಇರಲಿಲ್ಲ. ಅಕ್ಬರ್ ಬಾದಷಹನ ಯಾತ್ರಾಹಡಗುಗಳೂ ಈ ಚೀಟಿಯನ್ನು ಪಡೆದೇ ಹೊರಡಬೇಕಾಯಿತು.

ಕನ್ನಡನಾಡಿನ ಮಟ್ಟಿಗೆ ಈ ವಿಚಾರ ಸರಳವಾಗಿಲ್ಲ. 1502ರಲ್ಲಿ ಗಾಮನ ಪಡೆ ಹೊನ್ನಾವರ, ಭಟ್ಕಳಗಳ ಮೇಲೆ ಬಿದ್ದು ಭಟ್ಕಳಕ್ಕೆ ಅಕ್ಕಿಯ ಕಪ್ಪವನ್ನು ವಿಧಿಸಿತೆಂದು ಕೊರೆಯನು ಬರೆದಿದ್ದಾನೆ. ಭಟ್ಕಳವೋ ವಿಜಯನಗರಕ್ಕೆ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು. ಆದರೂ ಕೆಲವೇ ವರ್ಷಗಳಲ್ಲಿ ವಿಜಯನಗರದ ಅರಸರು ಅದೇ ಪೋರ್ಚುಗೀಸರೊಡನೆ ಕುದುರೆಯ ವ್ಯಾಪಾರಕ್ಕೆ ಕೈಕುಲುಕಿದರು. ಹೊನ್ನಾವರದ ಕಡಲನಾಯಕ ತಿಮ್ಮೋಜನು 1510ರಲ್ಲಿ ಗೋವೆಯನ್ನು ಹಿಡಿಯಲು ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕನಿಗೆ ನೆರವಾದನು. ಗಾಮನು ತೆರೆದ ದಾರಿಯಲ್ಲೇ ಬಂದ ಡೊಮಿಂಗೊ ಪಾಯೆಸ್, ಫೆರ್ನಾಂವ್ ನೂನಿಜರ ಬರಹಗಳಿಲ್ಲದಿದ್ದರೆ ಹಂಪೆಯ ಮಹಾನವಮಿಯ ವೈಭವವನ್ನೂ ಕೃಷ್ಣದೇವರಾಯನ ಚಹರೆಯನ್ನೂ ನಾವು ಇಂದು ವರ್ಣಿಸುವಷ್ಟು ವಿವರವಾಗಿ ವರ್ಣಿಸಲು ಸಾಧ್ಯವಾಗುತ್ತಿರಲಿಲ್ಲ. ಮಲಬಾರಿನ ಮಾಪಿಳ್ಳೆ ವರ್ತಕನಿಗೆ ಸರ್ವನಾಶವಾಗಿ ಬಂದದ್ದು ತುಂಗಭದ್ರೆಯ ದಡದ ಅರಸನಿಗೆ ಕುದುರೆಲಾಯದ ಅನುಕೂಲವಾಗಿ ಕಂಡಿತು. ಗಾಮನ ವಿಷಯದಲ್ಲಿ ಭಾರತೀಯರದೆಲ್ಲ ಒಂದೇ ಅನುಭವವೆಂಬಂತೆ ಮಾತನಾಡುವವರು ಈ ಭೇದವನ್ನು ಸಾಮಾನ್ಯವಾಗಿ ಮುಚ್ಚಿಬಿಡುತ್ತಾರೆ.

ಸ್ಮಾರಕಗಳ ಇತಿಹಾಸವೂ ವಿಚಿತ್ರವಾಗಿದೆ. 1597ರಿಂದ 1600ರವರೆಗೆ ವೈಸರಾಯನಾಗಿದ್ದ ಮರಿಮಗ ಫ್ರಾನ್ಸಿಸ್ಕೊ ಡ ಗಾಮನು ಹಳೆಯ ಗೋವೆಯ ನದೀದ್ವಾರದ ಕಮಾನಿನ ಮೇಲೆ ಮುತ್ತಾತನ ಪ್ರತಿಮೆಯನ್ನು ನಿಲ್ಲಿಸಿದನು. ಅವನು ಅಧಿಕಾರದಿಂದ ಇಳಿದಾಗ ನಗರದಲ್ಲಿದ್ದ ಅವನ ದ್ವೇಷಿಗಳೇ ಅದನ್ನು ಕೆಡವಿ ತುಂಡರಿಸಿದರು. ಗಾಮನ ಪ್ರತಿಮೆಯ ಭಂಜನ ಇತ್ತೀಚಿನ ರಾಜಕೀಯದ ಸೃಷ್ಟಿಯೆಂದು ದೂರುವವರಿಗೆ ಈ ಸಂಗತಿ ತಿಳಿದಿದ್ದರೆ ಒಳಿತು. ಕೊಚ್ಚಿಯ ಸಂತ ಫ್ರಾನ್ಸಿಸ್ ಇಗರ್ಜಿಯಲ್ಲಿ ಹೂಳಿದ್ದ ಅವನ ಅವಶೇಷಗಳನ್ನು ಮಗನು ಪೋರ್ಚುಗಲಿಗೆ ಒಯ್ದನು; ಸಾಂಬಾರ ಪದಾರ್ಥಗಳ ಆದಾಯದಿಂದ ಕಟ್ಟಿದ ಲಿಸ್ಬನ್ನಿನ ಜೆರೊನಿಮೊಸ್ ಮಠದಲ್ಲಿ ಇಂದು ಅವನ ಸಮಾಧಿಯಿದೆ. ಪೋರ್ಚುಗಲಿನ ಸರ್ವಾಧಿಕಾರಿ ಸಾಲಜಾರನ ಸರ್ಕಾರ 1960ರಲ್ಲಿ ಆ ಮಠದ ಬಳಿಯ ನದೀತೀರದಲ್ಲಿ ಶೋಧಕರ ಮಹಾಸ್ಮಾರಕವನ್ನು ಕಟ್ಟಿಸಿತು. ಮರುವರ್ಷ ಡಿಸೆಂಬರಿನಲ್ಲಿ ಗೋವೆ ಭಾರತಕ್ಕೆ ಸೇರಿತು. 1998ರಲ್ಲಿ ಐನೂರನೆಯ ವರ್ಷ ತುಂಬಿದಾಗ ಲಿಸ್ಬನ್ನಿನಲ್ಲಿ ತೇಜೊ ನದಿಗೆ ಅವನ ಹೆಸರಿನ ಉದ್ದನೆಯ ಸೇತುವೆ ತೆರೆಯಿತು. ಕೇರಳ, ಗೋವೆಗಳಲ್ಲಿ ಉತ್ಸವದ ಮಾತೆತ್ತಿದವರು ಪ್ರತಿಭಟನೆಯನ್ನು ಎದುರಿಸಬೇಕಾಯಿತು. ಅದಕ್ಕೆ ಹಿಂದಿನ ವರ್ಷ ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಅವರು ಪ್ರಕಟಿಸಿದ ಗ್ರಂಥ, ಮನುಷ್ಯನಾದ ಗಾಮನನ್ನೂ ದಂತಕಥೆಯ ಗಾಮನನ್ನೂ ಬೇರ್ಪಡಿಸಿ ತೋರಿಸಿ ಪೋರ್ಚುಗಲಿನಲ್ಲಿಯೂ ಬಿಸಿ ಚರ್ಚೆಯನ್ನು ಎಬ್ಬಿಸಿತು. ಅವನು ಇಳಿದನೆಂದು ಶಾಸನ ಸಾರುವ ಕಾಪ್ಪಾಡಿನ ಪುಟ್ಟ ಕಂಬಕ್ಕೆ ಪ್ರವಾಸಿಗರು ಈಗಲೂ ಬರುತ್ತಾರೆ. ದಿನಚರಿಯ ಪ್ರಕಾರ ಹಡಗುಗಳು ಅಲ್ಲಿಂದ ಪಂದಲಾಯನಿಯ ಕಡೆಗೆ ಸರಿದಮೇಲೆಯೇ ಅವನು ನೆಲಕ್ಕೆ ಕಾಲಿಟ್ಟದ್ದು. ಹುಬ್ಬಳ್ಳಿ, ಲೋಂಡಾ ಮಾರ್ಗವಾಗಿ ಗೋವೆಗೆ ರೈಲು ಹತ್ತುವವರು ಕೊನೆಯ ನಿಲ್ದಾಣವನ್ನು ವಾಸ್ಕೋ ಎಂದಷ್ಟೇ ಕರೆಯುತ್ತಾರೆ. ಬ್ರೆಜಿಲಿನ ರಿಯೊ ನಗರದಲ್ಲಿ 1898ರ ಚತುಶ್ಶತಮಾನೋತ್ಸವದ ಸಂದರ್ಭದಲ್ಲಿ ಹುಟ್ಟಿದ ಒಂದು ಕ್ರೀಡಾಸಂಘಕ್ಕೂ ಅವನ ಹೆಸರಿದೆ; ಕರಿಯರೂ ಬಡವರೂ ಕೂಡಿದ ತಂಡದೊಡನೆ ಅದು 1923ರಲ್ಲಿ ನಗರದ ಫುಟ್‌ಬಾಲ್ ಪಂದ್ಯಾವಳಿಯನ್ನು ಗೆದ್ದಾಗ, ಶ್ರೀಮಂತ ಸಂಘಗಳು ಅದರ ಹನ್ನೆರಡು ಮಂದಿ ಆಟಗಾರರನ್ನು ಹೊರಹಾಕಿದರೆ ಮಾತ್ರ ತಮ್ಮ ಒಕ್ಕೂಟಕ್ಕೆ ಸೇರಿಸಿಕೊಳ್ಳುವುದಾಗಿ ಹೇಳಿದವು; 1924ರಲ್ಲಿ ವಾಸ್ಕೋ ಡ ಗಾಮ ಸಂಘ ಪತ್ರ ಬರೆದು ಅದನ್ನು ನಿರಾಕರಿಸಿತು.